ಇಡೀ ಬೀದಿಗೊಂದೇ ಕೀಲಿಕೈ

ಮಾರ್ಚ್ ೧೪, ಶುಕ್ರವಾರ
ಅಂಗಡಿಯ ಹಿಂದಿನ ಕೋಣೆಯಿಂದ

ನನ್ನ ಗುಂಡುಸೂಜಿಗೆ,

ಅಪ್ಪನ ಅಕ್ಕರೆಯ ಹಾರೈಕೆಗಳು. ನಾನೂ ನಿನ್ನ ಅಮ್ಮನೂ ನೆಟ್ಟಗಿದ್ದೇವೆ. ಎಷ್ಟು ನೆಟ್ಟಗಿದ್ದೇವೆಂಬುದು ಈ ಕಾಗದ ಮುಗಿಯುವ ಹೊತ್ತಿಗೆ ನಿನಗೇ ತಿಳಿಯುತ್ತದೆ. ನಿನ್ನ ಪತ್ರ ಬಂದು ಬಹಳ ದಿನಗಳಾದವು. ಉತ್ತರ ತಡವಾದುದಕ್ಕೆ ಮನ್ನಿಸು. ಅಂಗಡಿಯಲ್ಲಿ ಕೆಲಸ ಹೆಚ್ಚಾಗಿದೆಯೆಂದು ಅಮ್ಮ ಫೋನಿನಲ್ಲಿ ನಿನಗೆ ಹೇಳಿದ್ದಾಳೆ. ನಿಜವಾಗಿ ಆ ದಿನಗಳಲ್ಲಿ ಅಂಗಡಿ ಮುಚ್ಚಿತ್ತು. ಅವಳ ಮೇಲೆ ಮುನಿಯಬೇಡ. ನಿನ್ನ ಪರೀಕ್ಷೆ ಮುಗಿಯುವ ತನಕ ಬಾಯಿ ಬಿಡಬಾರದೆಂದು ಅವಳಿಂದ ಮಾತು ತೆಗೆದುಕೊಂಡವನು ನಾನು.

ಅಕ್ಷರಗಳು ಅಲುಗಿರುವುದನ್ನು ನೀನು ಮೊದಲ ಸಾಲಿನಲ್ಲಿಯೇ ಕಂಡಿರುತ್ತೀಯೆ. ಅದಕ್ಕೂ ಬರುತ್ತೇನೆ. ಇದನ್ನೆಲ್ಲ ಫೋನಿನಲ್ಲಿಯೇ ಹೇಳಬಹುದಿತ್ತಲ್ಲ ಎಂದು ನೀನು ಕೇಳಬಹುದು. ಮನೋರೋಗಿಗಳ ಶುಶ್ರೂಷೆಯನ್ನು ಓದತೊಡಗಿದ ಮೇಲೆ ನೀನು ಫೋನಿನಲ್ಲಿ ನನ್ನ ಮಾತನ್ನು ಕೇಳುವುದಿಲ್ಲ, ಮಾತಿನ ವೇಗವನ್ನು ಕೇಳುತ್ತೀಯೆ. ನಾನು ಒಂದು ನಗೆಚಟಾಕಿ ಹೇಳಿದರೆ ಆ ಕಡೆಯಲ್ಲಿ ನೀನು ನಗುವ ಮೊದಲು ಒಂದು ಕ್ಷಣದ ಮೌನವಿರುತ್ತದೆ. ಕಾಗದದಲ್ಲಿ ವೇಗ ಕಾಣುವುದಿಲ್ಲ, ಹೇಳಿದ್ದಷ್ಟೇ ಕಾಣುತ್ತದೆ.

ನಿನ್ನ ಪತ್ರದಲ್ಲಿ ಎರಡು ಸಂಗತಿಗಳಿದ್ದವು. ಒಂದು, ನಿನ್ನ ವಾರ್ಡಿನ ಅಜ್ಜಿಯ ವಿಷಯ. ಹೂಜಿಯ ನೀರಿಗೆ ಯಾರೋ ವಿಷ ಬೆರೆಸುತ್ತಿದ್ದಾರೆಂದು ನಂಬಿ ಬಾಯಾರಿ ಕುಳಿತಿದ್ದ ಆಕೆಗೆ ಧೈರ್ಯ ಬರಲೆಂದು ನೀನೇ ಮೊದಲು ಒಂದು ಗುಟುಕು ಕುಡಿದು ತೋರಿಸಿದೆ. ಆಕೆ ಕುಡಿದಳು, ನೀನು ಗೆದ್ದೆನೆಂದುಕೊಂಡೆ. ಅಂದಿನಿಂದ ನೀನು ರುಚಿ ನೋಡದ ನೀರನ್ನು ಆಕೆ ಮುಟ್ಟುತ್ತಿಲ್ಲ. ನಿನ್ನ ವಾರದ ರಜೆಯಂದು ನಾಲಿಗೆ ಒಣಗಿಸಿಕೊಂಡು ಮಲಗಿದ್ದಳು. "ನಾನು ಎಲ್ಲಿ ಎಡವಿದೆ, ಅಪ್ಪಾ?" ಎಂದು ಕೇಳಿದ್ದೀಯೆ. ಇನ್ನೊಂದು, ಮನಸ್ಸಿನ ಕಾಯಿಲೆಯನ್ನು ಅನುಭವಿಸಿದ ಒಬ್ಬರನ್ನು ತರಗತಿಗೆ ಕರೆಸಬೇಕೆಂದು ನಿಮ್ಮ ಶಿಕ್ಷಕಿ ಹೇಳಿದಾಗ ನೀನು ಎದ್ದು ನಿಂತು, "ನಮ್ಮಪ್ಪನ್ನ ಕರೀತೀನಿ, ಅವರು ಪೂರ್ತಿ ಗುಣ ಆಗಿದಾರೆ" ಎಂದದ್ದು. ಆ ಆಹ್ವಾನಕ್ಕೆ ಒಪ್ಪಲೋ ಬೇಡವೋ ಎಂಬುದನ್ನು ತೀರ್ಮಾನಿಸಲಿಕ್ಕೇ ನನಗೆ ಇಷ್ಟು ದಿನ ಹಿಡಿಯಿತು. ಮೊದಲು ಅಜ್ಜಿಯ ನೀರಿನ ಮಾತು.

ನೀನು ಎಡವಿದ ಕಲ್ಲನ್ನೇ ಹಿಂದೆ ನಾನೂ ಎಡವಿದ್ದೇನೆ. ಮೊದಲ ಸಲ ಆಸ್ಪತ್ರೆ ಸೇರಿದ್ದಾಗ ನನ್ನ ಪಕ್ಕದ ಮಂಚದಲ್ಲಿ ಒಬ್ಬ ಅಂಚೆಪೇದೆ ಇದ್ದರು. ನಾವೆಲ್ಲ ಅವರನ್ನು ಅಂಚೆಯಣ್ಣ ಎನ್ನುತ್ತಿದ್ದೆವು. ಸಜ್ಜನರು, ಮಿತಭಾಷಿಗಳು. ನಮ್ಮ ತಲೆಯ ಮೇಲ್ಗಡೆ ಗೋಡೆಯಲ್ಲಿ ಗಾಳಿಗಾಗಿ ಒಂದು ಸಣ್ಣ ಕಂಡಿಯಿತ್ತು. ಅದಕ್ಕೆ ಅಂಗೈಯಗಲದ ಕಬ್ಬಿಣದ ಕದ. ಆ ಕಂಡಿಯೊಳಗೆ ಇಬ್ಬರು ಕುಳಿತು ತಮ್ಮನ್ನು ವಿಚಾರಣೆ ಮಾಡುತ್ತಿದ್ದಾರೆಂಬುದು ಅವರ ಸಂಕಟ. "ಹಂಚದೇ ಇಟ್ಕೊಂಡ ಕಾಗದ ಎಲ್ಲಿ ಅಂತ ಕೇಳ್ತಾರೆ. ನಾನು ಒಂದೂ ಇಟ್ಕೊಂಡಿಲ್ಲ. ಹೇಳಿದ್ರೆ ನಗ್ತಾರೆ" ಎಂದು ಕಂಡಿಯ ಕಡೆಗೆ ಬೆನ್ನು ಮಾಡಿ ಪಿಸುಗುಟ್ಟುತ್ತಿದ್ದರು. ಊಟದ ತಟ್ಟೆಯನ್ನು ಹಿಡಿದುಕೊಂಡು ಮಂಚದ ಕೆಳಗೆ ನುಸುಳುತ್ತಿದ್ದರು.

ನನ್ನ ತಲೆಗೇರಿದ್ದ ಜ್ವರ ಆ ವೇಳೆಗೆ ಇಳಿದಿತ್ತು. ಕೈಕೆಲಸದ ಕೋಣೆಗೆ ಹೋಗಲು ಅನುಮತಿ ಸಿಕ್ಕಿತ್ತು. ಅಲ್ಲಿ ಮುರಿದ ಕಪಾಟಿನಲ್ಲಿ ಒಂದು ತುಕ್ಕು ಹಿಡಿದ ಬೀಗ ಸಿಕ್ಕಿತು. ಬೀಗದ ಕೆಲಸದವನಿಗೆ ಜಗತ್ತಿನ ಯಾವ ಕಷ್ಟಕ್ಕೂ ಪರಿಹಾರವಾಗಿ ಹೊಳೆಯುವುದು ಒಂದೇ ವಸ್ತು. ಅದಕ್ಕೆ ಎಣ್ಣೆ ಬಿಟ್ಟು, ಕೀಲಿಕೈಯೊಂದನ್ನು ಅರದಿಂದ ಉಜ್ಜಿ ಹೊಂದಿಸಿ, ಸ್ಟೂಲು ಹತ್ತಿ ಕಂಡಿಯ ಕದಕ್ಕೆ ಜಡಿದೆ. ಕೀಲಿಕೈಯನ್ನು ಅಂಚೆಯಣ್ಣನ ಅಂಗೈಗೆ ಇಟ್ಟು, "ಇನ್ನು ನೀವು ತೆಗೀದೆ ಅವರು ಬಾಯಿ ತೆಗೆಯೋ ಹಾಗಿಲ್ಲ" ಎಂದೆ. ಅವರು ನನ್ನೆರಡು ಕೈಗಳನ್ನೂ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡರು. ಅಂದು ಗೊರಕೆ ಹೊಡೆದು ನಿದ್ದೆ ಮಾಡಿದರು. ನಾನು ವೈದ್ಯರಿಗಿಂತ ದೊಡ್ಡವನಾದೆ.

ಆ ಹೆಚ್ಚುಗಾರಿಕೆ ಬಹಳ ದಿನ ಉಳಿಯಲಿಲ್ಲ. ಕೀಲಿಕೈ ಕಳೆದುಹೋದೀತೆಂಬ ದಿಗಿಲು ಅವರನ್ನು ಹಿಡಿಯಿತು. ಮುಷ್ಟಿ ಬಿಚ್ಚದೆ ಊಟ ಮಾಡಿದರು. ಸ್ನಾನಕ್ಕೆ ಹೋಗಲೊಲ್ಲೆನೆಂದರು. ಕೊನೆಗೊಂದು ಬೆಳಗ್ಗೆ ನನ್ನನ್ನೇ ದಿಟ್ಟಿಸುತ್ತ, "ನೀವು ಬೀಗದೋರಲ್ವಾ? ಇದರ ಜೋಡಿ ಕೀಲಿಕೈ ನಿಮ್ ಹತ್ರ ಇರ್ಲೇಬೇಕಲ್ಲ?" ಎಂದರು. ಅಂದಿನಿಂದ ಕಂಡಿಯೊಳಗಿನ ಇಬ್ಬರ ಜೊತೆಗೆ ಹೊರಗಿದ್ದ ನಾನು ಮೂರನೆಯವನಾದೆ.

ವಾರ್ಡಿನ ಮೇಲ್ವಿಚಾರಕಿಯಾಗಿದ್ದ ದಾದಿ ನಿನಗೆ ನೆನಪಿರಬೇಕು. ಎತ್ತರದ ಹೆಂಗಸು, ಎಲ್ಲರಿಗೂ ದೊಡ್ಡಕ್ಕ. ಆಕೆ ನನ್ನನ್ನು ಬೈಯಲಿಲ್ಲ. ಹೊದಿಕೆಗಳನ್ನು ಮಡಿಸಲು ಜೊತೆಗೆ ಕರೆದುಕೊಂಡು ಹೋಗಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಹೇಳಿದರು:

"ಬೀಗ ಬಹಳ ಚೆನ್ನಾಗಿದೆ. ಆದ್ರೆ ಒಳಗೆ ಜನ ಇದಾರೆ ಅಂತ ನೀವೇ ಸಾಕ್ಷಿ ಹೇಳಿದ ಹಾಗಾಯ್ತಲ್ಲ?"

"ಮತ್ತೇನು, ಯಾರೂ ಇಲ್ಲ ಅಂತ ಜಗಳ ಆಡ್ಬೇಕಿತ್ತಾ?"

"ಆಡಿದ್ರೆ ನಂಬೋರಾ? ಇಡೀ ಬೀದಿಗೆ ಒಂದೇ ಕೀಲಿಕೈ ಸಾಕು ಅಂತ ನೀವು ಹೊರಟಾಗ ಬೇಡ ಅಂದೋರ ಮಾತು ನಿಮ್ಮ ಕಿವಿಗೆ ಹೋಯ್ತಾ?"

ನನ್ನ ಕೈಯಲ್ಲಿದ್ದ ಹೊದಿಕೆಯ ತುದಿಯನ್ನು ಆಕೆಯ ತುದಿಗೆ ಕೂಡಿಸಿದೆ. ಆ ಬಳಿಕ ಆಕೆ ಅಂಚೆಯಣ್ಣನ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು, ತೀರ ಹತ್ತಿರವೂ ಅಲ್ಲದಂತೆ ಕುಳಿತು, "ಆ ದನಿ ನನಗೆ ಕೇಳಿಸ್ತಿಲ್ಲ, ಅಣ್ಣ. ನಿಮಗೆ ಕೇಳಿಸ್ತಿದೆ ಅನ್ನೋದನ್ನ ನಾನು ನಂಬ್ತೀನಿ. ಎಷ್ಟು ಹೆದರಿದೀರಿ ಅಂತ ಮುಖದಲ್ಲೇ ಕಾಣ್ತಿದೆ. ಸ್ವಲ್ಪ ಹೊತ್ತು ಇಲ್ಲೇ ಕೂತಿರ್ಲಾ?" ಎಂದರು. ಅಷ್ಟೇ. ಪವಾಡವೇನೂ ಆಗಲಿಲ್ಲ. ಮಾತ್ರೆಗಳು ಕೆಲಸ ಮಾಡಲು ವಾರಗಳು ಬೇಕಾದವು. ಅಷ್ಟು ವಾರವೂ ಆಕೆಯೋ ಆಕೆಯ ಜೊತೆಯವರೋ ಹಾಗೆ ಕುಳಿತರು. ದನಿಗಳು ಪೂರ್ತಿ ಹೋಗಲಿಲ್ಲ. ಪಕ್ಕದ ಮನೆಯ ರೇಡಿಯೊದಷ್ಟು ಕೆಳಗಾದವೆಂದು ಅಂಚೆಯಣ್ಣ ಹೇಳುತ್ತಿದ್ದರು. ಒಂದು ದಿನ ಅವರು ಸ್ನಾನಕ್ಕೆ ಹೋದಾಗ ಕೀಲಿಕೈ ದಿಂಬಿನ ಮೇಲೆಯೇ ಉಳಿದಿತ್ತು.

ನೀನು ಕುಡಿದು ತೋರಿಸಿದ ಗುಟುಕು ನಾನು ಜಡಿದ ಬೀಗವೇ, ಮಗಳೆ. ವಿಷವಿರಬಹುದಾದ ನೀರನ್ನು ಮಾತ್ರವೇ ಮೊದಲು ರುಚಿ ನೋಡುತ್ತಾರೆ. ಹೋದ ತಿಂಗಳು ನಿನ್ನ ವಾರ್ಡಿನ ಅಜ್ಜಿಯ ವಿಷಯವನ್ನು ದೊಡ್ಡಕ್ಕನಿಗೆ ಹೇಳಿದೆ. ಆಕೆ ನಕ್ಕು, "ನಾವೆಲ್ಲ ಮೊದಲ ವರ್ಷ ಹಾಗೇ ಕುಡಿದೋರೇ. ಮುಚ್ಚಳ ಒಡೀದೇ ಇರೋ ಬಾಟ್ಲಿ ಕೊಡೋಕೆ ಹೇಳಿ. ಆಕೆ ಕೈಯಾರೆ ತಿರುಗಿಸಿ ತೆಗೀಲಿ, ಆಕೆನೇ ಬಗ್ಗಿಸ್ಕೊಳ್ಲಿ" ಎಂದರು. ಇದನ್ನು ನಿಮ್ಮ ಹಿರಿಯ ದಾದಿಗೂ ತಿಳಿಸು. ಒಬ್ಬಳೇ ಹೊಸ ಕ್ರಮವನ್ನು ಆರಂಭಿಸಬೇಡ.

ಹೌದು, ಹೋದ ತಿಂಗಳು ಎಂದೇ ಬರೆದಿದ್ದೇನೆ. ಆಕೆಯನ್ನು ಕಾಣುವ ಸಂದರ್ಭ ಏಕೆ ಬಂತೆಂಬುದನ್ನು ನಾಳೆ ಬರೆಯುತ್ತೇನೆ. ಕೈ ಸೋತಿದೆ.

ಶನಿವಾರ

ಇಂದು ಎರಡು ಗೇಟಿನ ಬೀಗಗಳನ್ನು ಬಿಚ್ಚಿ ತೊಳೆದೆ. ಬೇಕರಿಯವರ ಉಗ್ರಾಣದ ಚಿಲಕ ಸರಿಮಾಡಿದೆ. ಪಕ್ಕದ ದರ್ಜಿಯಮ್ಮ ನಿನ್ನನ್ನು ವಿಚಾರಿಸಿದಳು.

ಆ ಇಬ್ಬರ ಹೆಸರು ಬಂದಮೇಲೆ ಕೀಲಿಕೈಯ ಪ್ರಕರಣವನ್ನು ಹೇಳಿಬಿಡುತ್ತೇನೆ. ನೀನು ಆಗ ಶಾಲೆಯಲ್ಲಿದ್ದೆ. ನೀನು ಕಂಡದ್ದು ಹೊರಗಿನ ಕಥೆ. ನಿಮ್ಮ ಪುಸ್ತಕದಲ್ಲಿ ಬೈಪೋಲಾರ್ ಎಂದು ಬರೆದಿರುವುದಕ್ಕೆ ನಮ್ಮ ಮನೆಯಲ್ಲಿ ಅಮ್ಮ ಇಟ್ಟ ಹೆಸರು ಏರು-ಇಳಿತ. ಏರು ಎಂದರೆ ಸಂತೋಷ ಹೆಚ್ಚಾಗುವುದೆಂದು ಜನ ತಿಳಿದಿದ್ದಾರೆ. ನನಗೆ ಆದದ್ದು ಸಂತೋಷಕ್ಕಿಂತ ಹೆಚ್ಚಾಗಿ ಸ್ಪಷ್ಟತೆ. ಎಲ್ಲವೂ ಒಂದಕ್ಕೊಂದು ಹೊಂದಿಕೊಳ್ಳುತ್ತಿತ್ತು. ಬೀಗದೊಳಗೆ ಕೀಲಿಕೈ ತಿರುಗುವ ಮುನ್ನ ಕಡ್ಡಿಗಳೆಲ್ಲ ಒಂದೇ ಸಾಲಿಗೆ ಬಂದು ನಿಲ್ಲುತ್ತವಲ್ಲ, ಹಾಗೆ. ಒಂದೇ ಬೀದಿಯ ಜನ ಒಬ್ಬರಿಗೊಬ್ಬರು ಬೀಗ ಹಾಕಿಕೊಂಡು ಬದುಕುವುದು ಎಂತಹ ಅವಮಾನವೆಂದು ನನಗೆ ಹೊಳೆಯಿತು. ನಿದ್ದೆ ಬೇಕಾಗಲಿಲ್ಲ, ಊಟ ನೆನಪಾಗಲಿಲ್ಲ. ಮನೆಮನೆಗೂ ಹೋಗಿ, "ಹಳೇ ಬೀಗ ಸವೆದಿದೆ, ಪುಕ್ಕಟೆ ಬದಲಾಯಿಸಿ ಕೊಡ್ತೀನಿ" ಎಂದೆ. ನಂಬಿಗಸ್ತನ ಮಾತು, ಎಲ್ಲರೂ ಒಪ್ಪಿದರು. ಎಲ್ಲ ಬೀಗಗಳಿಗೂ ಒಂದೇ ಅಚ್ಚು.

ಸಂಗತಿ ಬಯಲಾದದ್ದು ದರ್ಜಿಯಮ್ಮನಿಂದ. ಹೊಲಿಗೆಯ ಧ್ಯಾನದಲ್ಲಿ ಒಂದು ಬಾಗಿಲು ತಪ್ಪಿ ಬೇಕರಿಯವರ ಮನೆಗೆ ಕೀಲಿಕೈ ಹಾಕಿದಳು, ಬಾಗಿಲು ತೆರೆಯಿತು, ಒಳಗೆ ಬೇಕರಿಯವರು ಒಳಚಡ್ಡಿಯಲ್ಲಿ ಕಾಲಿನ ಆಣಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಆ ಕಿರುಚಾಟಕ್ಕೆ ಬೀದಿಯೆಲ್ಲ ಸೇರಿ, ಒಬ್ಬರ ಕೀಲಿಕೈಯನ್ನು ಇನ್ನೊಬ್ಬರ ಬಾಗಿಲಿಗೆ ಹಾಕಿ ನೋಡತೊಡಗಿದರು. ನಾನು ನಡುಬೀದಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಅವರಿಗೂ ಈಗ ಅರ್ಥವಾಯಿತೆಂದು ನನಗೆ ಆನಂದ. ಒಬ್ಬರಾದರೂ ನಗುತ್ತಿರಲಿಲ್ಲ. ತಂಗಿಯ ಮಕ್ಕಳನ್ನು ಸಾಕುತ್ತ ಗಂಡಸರಿಲ್ಲದ ಮನೆಯಲ್ಲಿದ್ದ ಮೂಲೆಮನೆಯ ಹೆಂಗಸು ನನ್ನನ್ನು ನೋಡಿದ ನೋಟದಲ್ಲಿದ್ದ ಭಯ ನನಗೆ ಅರ್ಥವಾದದ್ದು ತಿಂಗಳುಗಳ ಮೇಲೆ. ಈಗ ಬೇಕರಿಯವರು, "ಆಣಿ ವಾಸಿಯಾಗಿದೆ, ದರ್ಜಿಯಮ್ಮ ಯಾವಾಗ ಬೇಕಾದ್ರೂ ಬರಬಹುದು" ಎಂದು ಹಾಸ್ಯ ಮಾಡುತ್ತಾರೆ. ಅವರು ದೊಡ್ಡ ಮನಸ್ಸಿನವರು. ಆದರೆ ಅವರ ಬಾಗಿಲಿಗೆ ಈಗ ಒಳಗಡೆಯಿಂದ ಒಂದು ಅಗುಳಿಯೂ ಇದೆ; ಅದನ್ನು ಹಾಕಿಸಿದ್ದು ನನ್ನಿಂದಲ್ಲ, ಒಬ್ಬ ಬಡಗಿಯಿಂದ.

ಇಳಿತದ ವಿಷಯ ಬರೆಯಲು ಹೆಚ್ಚಿಲ್ಲ. ಅದನ್ನು ದುಃಖವೆಂದು ತಿಳಿಯಬೇಡ. ದುಃಖಕ್ಕೂ ಒಂದಿಷ್ಟು ಕಸುವು ಬೇಕು. ಒಂದು ಮುಂಜಾನೆ ಅಂಗಡಿಯ ಮುಂದೆ ನಿಂತು, ಗೊಂಚಲಿನಲ್ಲಿದ್ದ ಎರಡು ಕೀಲಿಕೈಗಳಲ್ಲಿ ಯಾವುದು ನನ್ನ ಬಾಗಿಲಿನದೆಂದು ಆರಿಸಲಾರದೆ ಬಿಸಿಲೇರುವ ತನಕ ಹಾಗೆಯೇ ನಿಂತಿದ್ದೆ. ಎರಡನ್ನೂ ಹಾಕಿ ನೋಡಬಹುದೆಂಬುದು ಹೊಳೆಯಲಿಲ್ಲ. ನಿಮ್ಮ ತರಗತಿಯವರು ಇದನ್ನು ಗುರುತಿಟ್ಟುಕೊಳ್ಳಲಿ: ಅಂಥವನಿಗೆ "ಧೈರ್ಯ ತಂದ್ಕೊಳ್ಳಿ" ಎನ್ನುವುದರ ಬದಲು ಅವನ ಜೊತೆ ಬಾಗಿಲವರೆಗೆ ನಡೆದರೆ ಸಾಕು.

ಮನೆಗೆ ಕಳುಹಿಸುವ ಮುನ್ನ ದೊಡ್ಡಕ್ಕ ನಮ್ಮ ಮೂವರನ್ನೂ ಕೂರಿಸಿಕೊಂಡಿದ್ದು ನಿನಗೆ ನೆನಪಿದೆಯೆ? ನೀನು ಸ್ಟೂಲಿನ ಮೇಲೆ ಕಾಲು ತೂಗಿಸುತ್ತಿದ್ದೆ. ಆಕೆ ನನ್ನನ್ನು ಬಿಟ್ಟು ಅಮ್ಮನನ್ನು ಕೇಳಿದರು: "ಏರೋದಕ್ಕೆ ಮುಂಚೆ ಇವರಲ್ಲಿ ಏನ್ ಬದಲಾಗತ್ತೆ? ಎಲ್ಲಕ್ಕಿಂತ ಮೊದ್ಲು?"

ಅಮ್ಮ ಯೋಚಿಸಲೂ ಇಲ್ಲ. "ಶಿಳ್ಳೆ."

ನಾನು ಶಿಳ್ಳೆ ಹಾಕುತ್ತೇನೆಂಬುದೇ ನನಗೆ ಗೊತ್ತಿರಲಿಲ್ಲ. ಅರ ಉಜ್ಜುವಾಗ, ಬೆಳಕು ಹರಿಯುವ ಮೊದಲು, ಒಂದೇ ರಾಗದ ತುಣುಕಂತೆ. ಅಂದು ಒಂದು ಒಪ್ಪಂದವಾಯಿತು: ಅಮ್ಮನಿಗೆ ಆ ಶಿಳ್ಳೆ ಕೇಳಿಸಿದಾಗ ಅವಳು ಅಂಗಡಿಯ ಕೀಲಿಕೈಗೊಂಚಲನ್ನು ಕೇಳಬೇಕು, ನಾನು ವಾದಿಸದೆ ಕೊಡಬೇಕು. "ಏರಿದಾಗ ನೀವು ಏನೇನೋ ಹೇಳ್ತೀರಿ. ಆ ಬಾಯಿನ ಇವರು ನಂಬಲ್ಲ. ಇವತ್ತು ಒಪ್ಕೊಂಡ ಬಾಯಿನ ನಂಬ್ತಾರೆ. ಆಗಬಹುದಾ?" ಎಂದರು ದೊಡ್ಡಕ್ಕ. ಆಗಬಹುದೆಂದೆ. ನೆಟ್ಟಗಿರುವಾಗ ಹೇಳುವುದು ಸುಲಭ.

ಇನ್ನು ಈ ಚಳಿಗಾಲದ ವಿಷಯ.

ಲಿಥಿಯಂ ಮಾತ್ರೆ ನನ್ನನ್ನು ಇಷ್ಟು ವರ್ಷ ನೆಲದ ಮೇಲೆ ನಿಲ್ಲಿಸಿದೆ. ಅದರ ಋಣವನ್ನು ಮರೆಯುವುದಿಲ್ಲ. ಆದರೆ ಅದು ಕೈಯನ್ನು ನಡುಗಿಸುತ್ತದೆ. ಲೋಟ ಹಿಡಿಯಲು, ಗೇಟಿನ ಬೀಗ ಬಿಚ್ಚಲು ಅಡ್ಡಿಯಿಲ್ಲ. ಸಣ್ಣ ಬೀಗದ ಕಡ್ಡಿಗಳು ಮಾತ್ರ ಬೆರಳಿನ ತುದಿಯ ಜೊತೆ ಬಿಟ್ಟು ಬೇರೆ ಯಾರ ಜೊತೆಗೂ ಮಾತಾಡುವುದಿಲ್ಲ. ನಡುಗುವ ಬೆರಳಿಗೆ ಅವು ಕೇಳಿಸುವುದಿಲ್ಲ. ಈ ವರ್ಷ ನಡುಕ ಸ್ವಲ್ಪ ಹೆಚ್ಚಾಗಿತ್ತು. ಒಬ್ಬ ಹಿರಿಯರು ತಮ್ಮ ತಾಯಿಯ ಒಡವೆಪೆಟ್ಟಿಗೆಯನ್ನು ತಂದರು, ಹೆಬ್ಬೆರಳುಗುರಿನಷ್ಟು ಬೀಗ. ನಾನು ಸೂಜಿಯಂಥ ಸಲಾಕೆಯನ್ನು ರಂಧ್ರಕ್ಕೆ ಒಯ್ಯುವಾಗ ಅದು ಹಿತ್ತಾಳೆಗೆ ಟಿಕ್ ಟಿಕ್ ಎಂದು ತಾಗಿತು. ಆತ ನನ್ನ ಮುಖ ನೋಡದೆ ಪೆಟ್ಟಿಗೆಯನ್ನು ಮೆಲ್ಲನೆ ತಮ್ಮ ಕಡೆಗೆ ಎಳೆದುಕೊಂಡು, "ಪರವಾಗಿಲ್ಲ ಬಿಡಿ, ಅರ್ಜೆಂಟೇನಿಲ್ಲ, ಇನ್ನೊಂದ್ಸಲ ತರ್ತೀನಿ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂದಿನಿಂದ ಮಾತ್ರೆ ನನ್ನ ನಾಲಿಗೆಯವರೆಗೆ ಹೋಗಿ ಮರಳಿತು. ಅಂಗಡಿಯಲ್ಲಿ ಅರದ ಪುಡಿ ತುಂಬುವ ಡಬ್ಬಿಯ ಪಾಲಾಯಿತು. ಕೆಲವು ದಿನಗಳಲ್ಲಿ ನಡುಕ ನಿಂತಿತು. ಅದೇ ವೇಳೆಗೆ ನೀನು ರಜೆಗೆ ಬಂದೆ. ನಿನ್ನ ಪೆಟ್ಟಿಗೆಗೆ ನಾನು ಕೀಲಿಕೈ ಉಜ್ಜುವುದನ್ನು ನೀನು ಕೆನ್ನೆಗೆ ಕೈಯಿಟ್ಟು ನೋಡುತ್ತ ಕುಳಿತಿದ್ದೆ. ನೀನು ಹೊರಟ ಮರುದಿನದಿಂದ ಮಾತ್ರೆಯನ್ನು ಮತ್ತೆ ಆರಂಭಿಸುವೆನೆಂದು ನನಗೆ ನಾನೇ ಮಾತು ಕೊಟ್ಟಿದ್ದೆ. ಆರಂಭಿಸಲಿಲ್ಲ.

ಶಿಳ್ಳೆ ಯಾವಾಗ ಶುರುವಾಯಿತೋ ನಾನರಿಯೆ. ಒಂದು ನಸುಕಿನಲ್ಲಿ ಅಮ್ಮ ಶಾಲು ಹೊದ್ದು ಅಂಗಡಿಯ ಹೊಸ್ತಿಲ ಮೇಲೆ ಬಂದು ನಿಂತಳು. ನಾನು ಹಳೆಯ ಕೀಲಿಕೈಗಳನ್ನೆಲ್ಲ ತಿಕ್ಕಿ ಹೊಳಪಿಸಿ ನೆಲದ ತುಂಬ ಸೂರ್ಯನ ಕಿರಣಗಳ ಹಾಗೆ ಜೋಡಿಸಿದ್ದೆ.

"ಕೊಡಿ" ಎಂದಳು, ಅಂಗೈ ಚಾಚಿ.

"ಏನನ್ನ?"

"ಗೊಂಚಲು."

"ನೋಡೇ, ಕೈ ನೋಡು, ಕಲ್ಲಿನ ಹಾಗೆ ನಿಂತಿದೆ! ಇಷ್ಟು ಚೆನ್ನಾಗಿ ಯಾವತ್ತಿದ್ದೆ ನಾನು? ನಿನಗೆ ನಾನು ಮಂಕಾಗಿದ್ರೇನೇ ಸಮಾಧಾನ. ನಗೋದಕ್ಕೂ ನಿನ್ನ ಅಪ್ಪಣೆ ಬೇಕಾ?"

"ನಗಿ. ಗೊಂಚಲು ಕೊಟ್ಟು ನಗಿ."

ಮುಂದೆ ನಾನು ಆಡಿದ ಮಾತುಗಳು ಈ ಕಾಗದಕ್ಕೆ ತಕ್ಕವಲ್ಲ. ಏರಿನಲ್ಲಿ ನಾಲಿಗೆಗೆ ಗುರಿ ತಪ್ಪುವುದಿಲ್ಲ. ಎಲ್ಲಿ ಚುಚ್ಚಿದರೆ ಆಳಕ್ಕೆ ಹೋಗುವುದೆಂಬುದು ಅದಕ್ಕೆ ಗೊತ್ತಿರುತ್ತದೆ. ಅವಳು ಹೊಸ್ತಿಲ ಮೇಲೆ ಕುಳಿತಳು. ಚಾಚಿದ ಅಂಗೈ ಹಾಗೆಯೇ ಇತ್ತು. ಬೇಕರಿಯವರ ಒಲೆಯಿಂದ ಮೊದಲ ಬ್ರೆಡ್ಡಿನ ವಾಸನೆ ಬಂತು, ಹಾಲಿನವನು ದಾಟಿಹೋದ, ಬೀದಿ ಬೆಳಗಾಯಿತು. ತೋಳು ಸೋತಾಗ ಅವಳು ಆ ಕೈಗೆ ಇನ್ನೊಂದು ಕೈ ಆನಿಸಿಕೊಂಡಳು. ಅದನ್ನು ನೋಡಿ ಗೊಂಚಲನ್ನು ಅವಳ ಅಂಗೈಗೆ ಹಾಕಿದೆ. ಒಪ್ಪಂದ ನೆನಪಾಗಿ ಕೊಟ್ಟೆನೆಂದು ನಿನ್ನ ತರಗತಿಯಲ್ಲಿ ಹೇಳಿದರೆ ಚೆನ್ನಾಗಿರುತ್ತದೆ. ನಿಜವಾಗಿ ಆ ಆನಿಸಿದ ಕೈಗಾಗಿ ಕೊಟ್ಟೆ.

ದೊಡ್ಡಕ್ಕ ಈಗ ಹೊರರೋಗಿಗಳ ವಿಭಾಗದಲ್ಲಿದ್ದಾರೆ. ನನ್ನನ್ನು ಕಂಡವರೇ, "ಕೈ ಚಾಚಿ, ನೋಡೋಣ" ಎಂದರು. ಚಾಚಿದೆ. ಬೆರಳುಗಳ ಮೇಲೆ ಒಂದು ಕಾಗದದ ಹಾಳೆ ಇಟ್ಟರು. ಅದು ಅಲುಗಲಿಲ್ಲ. ಹಾಳೆಯನ್ನು ತೆಗೆದುಕೊಂಡು ಕೇಳಿದರು:

"ಯಾವಾಗ ಬಿಟ್ರಿ?"

ಬೇರೆ ಒಂದು ಮಾತಿಲ್ಲ. ನಾನು ಹೇಳಿದೆ.

"ನಡುಗತ್ತೆ ಅಂತ ನನಗೆ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ರಿ? ತಡ್ಕೊಳ್ಳಿ ಅಂತಿದ್ರಿ."

"ರಕ್ತ ನೋಡ್ತಿದ್ವಿ. ಡಾಕ್ಟ್ರು ಪ್ರಮಾಣ ನೋಡ್ತಿದ್ರು. ನೀರು ಸರಿಯಾಗಿ ಕುಡೀತೀರಾ, ಕಾಫಿ ಎಷ್ಟು ಅಂತ ಕೇಳ್ತಿದ್ವಿ. ನಡುಕಕ್ಕೇ ಬೇರೆ ಮಾತ್ರೆ ಇದೆ. ಇಷ್ಟೆಲ್ಲ ಆದ್ಮೇಲೂ ಸ್ವಲ್ಪ ಉಳಿದ್ರೆ, ಆಗ ತಡ್ಕೊಳ್ಳಿ ಅಂತಿದ್ದೆ. ನೀವು ಮೊದಲನೇ ಬಾಗಿಲು ಬಡೀದೆ ಗೋಡೆ ಒಡೆದ್ರಿ."

ಕೆಲವು ವಾರ ಒಳಗೆ ಇರಿಸಿಕೊಂಡರು. ಈ ಸಲ ಏರು ಚಾವಣಿಯ ತನಕ ಹೋಗುವ ಮೊದಲೇ ಕೈಗೆ ಸಿಕ್ಕಿತ್ತು. ರಕ್ತ ಪರೀಕ್ಷಿಸಿ ಲಿಥಿಯಮ್ಮನ್ನು ಮೆಲ್ಲಗೆ ಮರಳಿ ಕೊಟ್ಟರು. ನಡುಕಕ್ಕೂ ಒಂದು ಸಣ್ಣ ಮಾತ್ರೆ ಸೇರಿಸಿದರು. ಕಾಫಿ ಬೆಳಗ್ಗೆ ಒಂದೇ ಲೋಟ; ಅದು ನಿಜವಾದ ಶಿಕ್ಷೆ. ನಡುಕ ಅರ್ಧಕ್ಕರ್ಧ ಇಳಿದಿದೆ. ಉಳಿದರ್ಧ ಉಳಿಯುತ್ತದೆಂದು ದೊಡ್ಡಕ್ಕ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಸಣ್ಣ ಬೀಗಗಳ ಸಲಾಕೆಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಮೇಲಿನ ಕಪಾಟಿನಲ್ಲಿಟ್ಟೆ. ಮಾರುವುದಿಲ್ಲ, ಬಳಸುವುದೂ ಇಲ್ಲ. ಒಡವೆಪೆಟ್ಟಿಗೆ ತಂದವರಿಗೆ ಮುಂದಿನ ಪೇಟೆಯ ಗಡಿಯಾರದವನ ವಿಳಾಸ ಕೊಡುತ್ತೇನೆ. ಗೇಟುಗಳು, ಕಪಾಟುಗಳು, ಉಗ್ರಾಣಗಳು ನನಗಿರಲಿ. ಅಮ್ಮ ಈಗ ಮಾತ್ರೆ ಕೊಟ್ಟು ನಿಂತು ನೋಡುವುದಿಲ್ಲ. ನಾನೇ ಅವಳ ಮುಂದೆ ನುಂಗಿ, ಕೇಳದಿದ್ದರೂ ನಾಲಿಗೆ ಚಾಚಿ ಅಣಕಿಸುತ್ತೇನೆ. "ವಯಸ್ಸಿಗೆ ತಕ್ಕ ಹಾಗೆ ಇರಿ" ಎನ್ನುತ್ತಾಳೆ.

ಈಗ ನಿನ್ನ ಆಹ್ವಾನ. ಬರುವುದಿಲ್ಲವೆಂದು ಬರೆಯಲು ಎರಡು ಸಲ ಕುಳಿತೆ. ನಿನ್ನ ಗೆಳತಿಯರ ಮುಂದೆ ನಿನ್ನ ತಲೆ ತಗ್ಗಬಾರದೆಂಬುದು ನಾನು ಹೂಡಿದ ನೆಪ. ಅಮ್ಮ ಅದನ್ನು ಕೇಳಿ, "ತಲೆ ಅವಳದು, ತಗ್ಗಿಸೋದೂ ಎತ್ತೋದೂ ಅವಳ ಇಷ್ಟ. ನೀವು ನಿಮ್ಮ ಮಾತು ನೋಡ್ಕೊಳ್ಳಿ" ಎಂದಳು. ಆದ್ದರಿಂದ ಬರುತ್ತೇನೆ. ನೀನು ಆ ಸಾಲನ್ನು ಮಾತ್ರ ಬದಲಾಯಿಸಬೇಕು. ಪೂರ್ತಿ ಗುಣವಾದವರೆಂದು ನನ್ನನ್ನು ಪರಿಚಯಿಸಬೇಡ. ಕಾಯಿಲೆಯ ಜೊತೆ ಸಂಸಾರ ಮಾಡುತ್ತಿರುವ ಬೀಗದ ಕೆಲಸದವರೆನ್ನು. ಮಾತ್ರೆ ಬಿಟ್ಟದ್ದನ್ನೂ ಹೇಳುತ್ತೇನೆ, ಏಕೆ ಬಿಟ್ಟೆನೆಂಬುದನ್ನೂ ಹೇಳುತ್ತೇನೆ. ನಾಳೆ ಅವರ ವಾರ್ಡಿನಲ್ಲಿ ಇನ್ನೊಬ್ಬ ಬಿಟ್ಟಾಗ ಅವನನ್ನು ಮೊಂಡನೆಂದು ಬರೆದು ಮುಗಿಸದೆ, ಅವನ ಕಸುಬೇನೆಂದು ಒಮ್ಮೆ ಕೇಳಲಿ. ಮೇಜಿನ ಮೇಲೆ ಒಂದು ಲೋಟ ನೀರಿಡು. ಎತ್ತುವಾಗ ಲೋಟ ಹಲ್ಲಿಗೆ ತಾಗಿ ಸದ್ದಾದರೆ ಓಡಿಬಂದು ಹಿಡಿಯಬೇಡ. ಕುಡಿದು ಕ್ಷೇಮವಾಗಿ ಕೆಳಗಿಡುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪಾಳಿ ಮುಗಿದ ಮೇಲೆ ವಾರ್ಡನ್ನು ಕೋಣೆಗೆ ಹೊತ್ತುಕೊಂಡು ಹೋಗಬೇಡ. ಅಜ್ಜಿ ನೀರು ಕುಡಿದಳೋ ಇಲ್ಲವೋ ತಿಳಿಸು. ಅಮ್ಮ ದಿನವೂ ಕೇಳುತ್ತಾಳೆ. ನಿನ್ನ ಕೈ ತಾಗಿದವರಿಗೆಲ್ಲ ನೆಮ್ಮದಿ ಸಿಗಲಿ. ನಿನಗೂ ಅದರಲ್ಲಿ ಒಂದು ಪಾಲು ಉಳಿಯಲಿ.

ನಿನ್ನ ಒಳಿತನ್ನೇ ಬಯಸುವ
ಅಪ್ಪ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾರದೆ ಇಲ್ಲಿಗೆ ಉಳಿಸಿಕೊಂಡದ್ದು: ನೀನು ಹೊರಟ ದಿನ ಬಸ್ಸಿನ ಬಾಗಿಲಲ್ಲಿ ನನ್ನ ಕೈ ಹಿಡಿದು, ತಿರುಗಿಸಿ ನೋಡಿ, "ಈಗ ನಮ್ಮಪ್ಪನ ಕೈ ವಾಪಸ್ ಬಂತು" ಎಂದೆ. ನಿನ್ನ ಕಣ್ಣು ತುಂಬಿತ್ತು. ಮರುದಿನ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡಾಗ ಆ ಮಾತು ನೆನಪಾಯಿತು; ಮಾತ್ರೆ ಮತ್ತೆ ಡಬ್ಬಿಗೆ ಹೋಯಿತು. ದೊಡ್ಡಕ್ಕನಿಗೂ ಅಮ್ಮನಿಗೂ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ನಿನ್ನನ್ನು ದೂರಲು ಬರೆಯುತ್ತಿಲ್ಲ, ಮಗಳೆ. ನಿನಗೆ ಹಾಗೆ ಕಂಡದ್ದು ಸಹಜ, ನನಗೂ ಹಾಗೆಯೇ ಕಂಡಿತ್ತು. ಆದರೆ ಅಂದು ನೀನು ಹಿಡಿದದ್ದು ಏರಿನ ಕೈ. ಈ ಅಲುಗಿದ ಅಕ್ಷರಗಳನ್ನು ಬರೆದದ್ದು ನಿಮ್ಮಪ್ಪನ ಕೈ. ನಾನು ಬಸ್ಸಿನಿಂದ ಇಳಿದಾಗ ಇದನ್ನು ಹಿಡಿದುಕೊ. ತಿರುಗಿಸಿ ನೋಡಬೇಡ.